ಮೋಟರು ಸುಡುವ ಲೆಕ್ಕ

ಸೊರಬದ ಕಡೆ ಬೇಸಿಗೆ ಬಂತೆಂದರೆ ಮೋಟರ್ ರಿವೈಂಡಿಂಗ್ ಅಂಗಡಿಯವರಿಗೆ ಬಿಡುವಿಲ್ಲ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಆನವಟ್ಟಿಯಲ್ಲೂ ಉಳವಿಯಲ್ಲೂ ಅಡಿಕೆ ತೋಟದ ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಶುರುವಾಗುತ್ತವೆ. ಲೈನಿನ ತುದಿಯಲ್ಲಿರುವವರ ಮೋಟರು ಗೊರಗೊರ ಎನ್ನುತ್ತದೆ, ಬಿಸಿಯೇರುತ್ತದೆ, ಒಂದು ದಿನ ಕಾಯಿಲ್ ಸುಟ್ಟು ನಿಲ್ಲುತ್ತದೆ. ‘ವೋಲ್ಟೇಜ್ ಇರ್ಲಿಲ್ಲ, ಸುಟ್ಟೋಯ್ತು’ ಎನ್ನುತ್ತಾರೆ. ಮಾತು ನಿಜ. ಆದರೆ ವೋಲ್ಟೇಜ್ ಇಳಿದರೆ ಬಲ್ಬು ಮಂಕಾಗುತ್ತದೆಯೇ ಹೊರತು ಸುಡುವುದಿಲ್ಲ. ಮೋಟರೇ ಏಕೆ ಸುಡಬೇಕು?

ಉತ್ತರ ಸ್ಟಾರ್ಟರ್ ಬೋರ್ಡಿನ ಮೇಲಿರುವ ಎರಡು ಮೀಟರುಗಳಲ್ಲೇ ಇದೆ. ಒಂದು ವೋಲ್ಟ್ ತೋರಿಸುತ್ತದೆ, ಇನ್ನೊಂದು ಆಂಪಿಯರ್. ಇವೆರಡರ ನಂಟನ್ನು 1827ರಲ್ಲಿ ಪ್ರಕಟಿಸಿದವರು ಜರ್ಮನಿಯ ಶಾಲಾ ಶಿಕ್ಷಕ ಜಾರ್ಜ್ ಸೈಮನ್ ಓಮ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೋಧ ಎಷ್ಟು ಓಮ್ ಎಂದು ಸಿಗುತ್ತದೆ. ಅದೇ ಎರಡನ್ನು ಗುಣಿಸಿದರೆ ಎಷ್ಟು ವ್ಯಾಟ್ ಖರ್ಚಾಗುತ್ತಿದೆ ಎಂಬುದು ತಿಳಿಯುತ್ತದೆ.

ಬಚ್ಚಲುಮನೆಯ ಗೀಸರ್ ನೋಡಿ. 230 ವೋಲ್ಟಿಗೆ 2000 ವ್ಯಾಟ್ ಎಂದು ಬರೆದಿದ್ದರೆ ಅದು ಎಳೆಯುವುದು 8.7 ಆಂಪಿಯರ್, ಅದರ ರೋಧ ಸುಮಾರು 26.5 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ ಕರೆಂಟು 6.8 ಆಂಪಿಯರಿಗೆ ಇಳಿಯುತ್ತದೆ, ವ್ಯಾಟ್ 1225ರ ಆಸುಪಾಸಿಗೆ ಬರುತ್ತದೆ. ನೀರು ಕಾಯುವುದು ತಡವಾಗುತ್ತದೆ, ಗೀಸರಿಗೆ ಏನೂ ಆಗುವುದಿಲ್ಲ.

ಮೋಟರಿನ ದಾರಿ ಬೇರೆ. ಅದರ ಕಾಯಿಲಿಗೆ ಮಲ್ಟಿಮೀಟರ್ ಹಿಡಿದರೆ ಸಿಗುವುದು ಕೆಲವೇ ಓಮ್. 5 ಓಮ್ ಎಂದುಕೊಂಡು 415 ವೋಲ್ಟನ್ನು ಭಾಗಿಸಿದರೆ 83 ಆಂಪಿಯರ್ ಬರುತ್ತದೆ. ಅಷ್ಟು ಹರಿದರೆ ಮೋಟರು ಉಳಿಯುವುದೇ ಇಲ್ಲ. 5 ಎಚ್‌ಪಿ ಮೋಟರು ನಿಜಕ್ಕೂ ಎಳೆಯುವುದು ಸುಮಾರು 8 ಆಂಪಿಯರ್. ಉಳಿದದ್ದನ್ನು ತಡೆಯುವುದು ತಾಮ್ರದ ತಂತಿಯಲ್ಲ, ಕಾಯಿಲಿನಲ್ಲಿ ಏಳುವ ಅಯಸ್ಕಾಂತ ಕ್ಷೇತ್ರ ಮತ್ತು ತಿರುಗುತ್ತಿರುವ ರೋಟರು. ಮರಳು ಸಿಕ್ಕಿ ರೋಟರು ನಿಂತರೆ ಆಂಪಿಯರ್ ಹಲವು ಪಟ್ಟು ಏರುವುದು ಇದರಿಂದಲೇ. ವ್ಯಾಟ್ ಲೆಕ್ಕವೂ ಇಲ್ಲಿ ಸ್ವಲ್ಪ ಉದ್ದ: 415 ವೋಲ್ಟ್, 8 ಆಂಪಿಯರ್, ಮೂರು ಫೇಸಿಗಾಗಿ 1.73, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡು ಎಲ್ಲವನ್ನೂ ಗುಣಿಸಿದರೆ ಸುಮಾರು 4600 ವ್ಯಾಟ್. ಅದರಲ್ಲಿ ನೀರೆತ್ತಲು ಸಿಗುವುದು 5 ಎಚ್‌ಪಿ, ಅಂದರೆ 3730 ವ್ಯಾಟ್. ಮಿಕ್ಕಿದ ಬಹುಪಾಲು ಶಾಖ.

ಈಗ ವೋಲ್ಟೇಜ್ 345ಕ್ಕೆ ಇಳಿಯಿತು ಎನ್ನಿ. ಬಾವಿಯ ಆಳ ಕಡಿಮೆಯಾಗಲಿಲ್ಲ, ಎತ್ತಬೇಕಾದ ನೀರೂ ಹೆಚ್ಚುಕಡಿಮೆ ಅಷ್ಟೇ. ಅಷ್ಟೇ ಕೆಲಸಕ್ಕೆ ಮೋಟರು ಈಗ 9.6 ಆಂಪಿಯರ್ ಎಳೆಯುತ್ತದೆ. ಹೆಚ್ಚಿದ್ದು ಒಂದೂವರೆ ಆಂಪಿಯರ್ ತಾನೇ ಎನಿಸಬಹುದು. ಆದರೆ ತಂತಿಯ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ವಿಜ್ಞಾನಿ ಜೇಮ್ಸ್ ಜೌಲ್ 1841ರಲ್ಲೇ ತೋರಿಸಿಕೊಟ್ಟಿದ್ದರು. ಕರೆಂಟು ಶೇಕಡಾ 20 ಏರಿದರೆ ಕಾಯಿಲಿನ ಶಾಖ ಶೇಕಡಾ 44 ಏರುತ್ತದೆ. ತಂತಿಯ ಮೇಲಿನ ವಾರ್ನಿಷ್ ಪದರ ಇದನ್ನು ಗಂಟೆಗಟ್ಟಲೆ ತಾಳದು. ಮೋಟರನ್ನು ಸುಡುವುದು ಕಡಿಮೆ ವೋಲ್ಟೇಜಲ್ಲ, ಅದರಿಂದ ಹೆಚ್ಚಾದ ಕರೆಂಟು.

ಹಾಗಾದರೆ ಆ 70 ವೋಲ್ಟ್ ಹೋದದ್ದೆಲ್ಲಿ? ದಾರಿಯಲ್ಲೇ. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ತೋಟದವರೆಗೆ ಎಳೆದ ಅಲ್ಯೂಮಿನಿಯಂ ತಂತಿಯ ರೋಧ 1 ಓಮ್ ಎಂದಿಟ್ಟುಕೊಳ್ಳಿ. ತುದಿಯಲ್ಲಿ ಐದು ಮೋಟರು ಓಡಿದರೆ ಒಟ್ಟು 40 ಆಂಪಿಯರ್. ಪ್ರತಿ ತಂತಿಯಲ್ಲೂ ಸುಮಾರು 40 ವೋಲ್ಟ್ ಕರಗುತ್ತದೆ. ಫೇಸುಗಳ ನಡುವಿನ 415, ಸುಮಾರು 345 ಆಗುತ್ತದೆ. ಜೌಲ್ ಲೆಕ್ಕ ಹಾಕಿದರೆ ತಂತಿಯೊಂದಕ್ಕೆ 1600 ವ್ಯಾಟ್, ಮೂರಕ್ಕೆ 4800 ವ್ಯಾಟ್. ಐದು ಮೋಟರು ಓಡಿಸಲು ಹೋಗಿ, ಆರನೆಯ ಮೋಟರು ಓಡಿಸುವಷ್ಟು ವಿದ್ಯುತ್ತನ್ನು ಕಂಬಗಳ ಮೇಲೆ ಗಾಳಿಗೆ ಬಿಟ್ಟಂತಾಯಿತು. ವೋಲ್ಟೇಜ್ ಇಳಿದಂತೆ ಮೋಟರುಗಳು ಇನ್ನಷ್ಟು ಎಳೆಯುತ್ತವೆ, ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ.

ಇದರ ಪರಿಹಾರ ಕರ್ನಾಟಕಕ್ಕೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದದ್ದು ಹತ್ತಾರು ಸಾವಿರ ವೋಲ್ಟಿನಲ್ಲಿ. ವೋಲ್ಟೇಜ್ ಹತ್ತು ಪಟ್ಟಾದರೆ ಕರೆಂಟು ಹತ್ತರಲ್ಲೊಂದು, ನಷ್ಟ ನೂರರಲ್ಲೊಂದು. ನಮ್ಮ ಐದು ಮೋಟರುಗಳ ವಿದ್ಯುತ್ತನ್ನೇ 11 ಸಾವಿರ ವೋಲ್ಟಿನ ಲೈನಿನಲ್ಲಿ ತಂದರೆ ಹರಿಯುವುದು ಒಂದೂವರೆ ಆಂಪಿಯರ್. ಅದೇ ತಂತಿಯಲ್ಲಿ ನಷ್ಟ 7 ವ್ಯಾಟ್! 4800 ಎಲ್ಲಿ, 7 ಎಲ್ಲಿ? ಆದ್ದರಿಂದಲೇ ದೂರದ ಒಂದು ದೊಡ್ಡ ಟಿ.ಸಿ.ಗಿಂತ ತೋಟದ ಹತ್ತಿರ ಇಡುವ ಸಣ್ಣ ಟಿ.ಸಿ.ಗಳು ಮೇಲು.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹಾಗಾಗಿ ಈ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ರೈತನಿಗೆ ಅದು ಕಾಣುವುದು ರಿವೈಂಡಿಂಗ್ ಖರ್ಚಿನಲ್ಲಿ. ಆಟೋ ಸ್ಟಾರ್ಟರ್ ಇದ್ದವರು ಒಬ್ಬೊಬ್ಬರು ಕೆಲವು ನಿಮಿಷ ಬಿಟ್ಟು ಮೋಟರು ಶುರುವಾಗುವಂತೆ ಟೈಮರ್ ಹೊಂದಿಸಬೇಕು. ಶುರುವಾಗುವಾಗ ಪ್ರತಿ ಮೋಟರೂ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸರಿಯಾದ ಕೆಪಾಸಿಟರ್ ಇದ್ದರೆ ಲೈನಿನ ಆಂಪಿಯರ್ ತಗ್ಗುತ್ತದೆ. ಓವರ್‌ಲೋಡ್ ರಿಲೇಯನ್ನು ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರಿಗೆ ಹೊಂದಿಸಿರಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಏರಿಸಿಡಬಾರದು.

ಇನ್ನೊಂದು ಕೆಲಸಕ್ಕೆ ಕಾಸು ಬೇಡ. ನಸುಕಿನಲ್ಲೊಮ್ಮೆ, ಎಲ್ಲರ ಮೋಟರು ಓಡುವ ಹೊತ್ತಿನಲ್ಲೊಮ್ಮೆ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ಬರೆದಿಡಿ. ಬೇರೆ ಟಿ.ಸಿ. ಬೇಕೆಂದು ಮೆಸ್ಕಾಂ ಕಚೇರಿಗೆ ಹೋಗುವಾಗ ಅಕ್ಕಪಕ್ಕದ ತೋಟದವರ ಪಟ್ಟಿಯನ್ನೂ ಸೇರಿಸಿಕೊಂಡು ಹೋಗಿ. ‘ಕರೆಂಟು ಸರಿಯಿಲ್ಲ’ ಎಂಬ ದೂರಿಗಿಂತ ‘415 ಇರಬೇಕಾದಲ್ಲಿ 345 ಇದೆ, 8 ಆಂಪಿಯರಿನ ಮೋಟರು 9.6 ಎಳೆಯುತ್ತಿದೆ’ ಎಂಬ ಲೆಕ್ಕಕ್ಕೆ ತೂಕ ಹೆಚ್ಚು.