ಎಚ್ಚರ ನಿಲ್ಲದ ಮೆದುಳು, ಬಾಗಬೇಕಾದ ವೇಳಾಪಟ್ಟಿ

ಹತ್ತನೇ ತರಗತಿಯ ಹುಡುಗನೊಬ್ಬ ದಿನಾ ತಡವಾಗಿ ಶಾಲೆಗೆ ಬರುತ್ತಾನೆ, ಬಂದ ಮೇಲೂ ಎರಡನೇ ಪಿರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಡುತ್ತಾನೆ ಎಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ: ರಾತ್ರಿಯೆಲ್ಲ ಮೊಬೈಲ್ ನೋಡಿದ್ದಾನೆ, ಇಲ್ಲವೇ ಓದಿನ ಮೇಲೆ ಮನಸ್ಸಿಲ್ಲ. ಮೊದಲನೆಯದು ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೆ ರಾತ್ರಿ ಒಂಬತ್ತೂವರೆಗೆ ಮಲಗಿಸಿ, ಮೊಬೈಲ್ ತೆಗೆದಿಟ್ಟು, ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರೂ ತಿಂಗಳುಗಟ್ಟಲೆ ಇದೇ ಸ್ಥಿತಿ ಇದ್ದರೆ, ಬೈಯುವುದನ್ನು ಬಿಟ್ಟು ವೈದ್ಯರ ಹತ್ತಿರ ಕರೆದೊಯ್ಯಬೇಕು. ನಾರ್ಕೊಲೆಪ್ಸಿ ಎಂಬ ನರವ್ಯೂಹದ ಕಾಯಿಲೆ ಹೆಚ್ಚಾಗಿ ಶುರುವಾಗುವುದೇ ಹತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ. ಮುಂದುವರಿದ ದೇಶಗಳಲ್ಲೂ ಅದು ಪತ್ತೆಯಾಗುವ ಹೊತ್ತಿಗೆ ಎಷ್ಟೋ ಜನರಿಗೆ ಎಂಟು-ಹತ್ತು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಮೊದಲ ನೌಕರಿ ಮೂರೂ ದಾಟಿಹೋಗಿರುತ್ತವೆ. ಇಂಥವರನ್ನು ಹೊತ್ತಿಗೆ ಸರಿಯಾಗಿ ಶಾಲೆಗೋ ಕೆಲಸಕ್ಕೋ ಮುಟ್ಟಿಸಲು ಇನ್ನೂ ಜೋರಾಗಿ ಕೂಗುವ ಅಲಾರಂ ಸಾಲದು. ಔಷಧದ ಜೊತೆಗೆ ಅವರ ದಿನದ ವೇಳಾಪಟ್ಟಿಯೂ ಸ್ವಲ್ಪ ಬಾಗಬೇಕು ಎಂಬುದು ನನ್ನ ವಾದ.

ಎಚ್ಚರವನ್ನು ಮೆದುಳು ದಿನವಿಡೀ ಹಿಡಿದು ನಿಲ್ಲಿಸಬೇಕಾಗುತ್ತದೆ. ಮೆದುಳಿನ ಬುಡದ ಹೈಪೊಥಲಾಮಸ್ ಎಂಬ ಭಾಗದಲ್ಲಿ ಸುಮಾರು 70 ಸಾವಿರ ನರಕೋಶಗಳು ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಇಡೀ ಮೆದುಳಿನ ಅಂದಾಜು 8,600 ಕೋಟಿ ನರಕೋಶಗಳ ಎದುರು ಇದು ಬಹಳ ಸಣ್ಣ ಗುಂಪು. ಆದರೆ ನಿದ್ದೆ-ಎಚ್ಚರಗಳ ನಡುವಿನ ಬಾಗಿಲಿಗೆ ಚಿಲಕ ಹಾಕುವ ಕೆಲಸ ಇದರದು. ಚಿಲಕ ಕಳಚಿದರೆ ಸಣ್ಣ ಗಾಳಿಗೂ ಬಾಗಿಲು ಆಚೀಚೆ ಹೊಡೆದುಕೊಳ್ಳುತ್ತದೆ. ಈ ರಾಸಾಯನಿಕವನ್ನು 1998ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಮರುವರ್ಷವೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಮ್ಯಾನುಯೆಲ್ ಮಿನ್ಯೋ ಅವರ ತಂಡ, ರುಚಿಯಾದ ತಿಂಡಿ ಕಂಡ ಖುಷಿಗೆ ಕಾಲು ಕುಸಿದು ಬೀಳುತ್ತಿದ್ದ ಡಾಬರ್‌ಮನ್ ನಾಯಿಗಳಲ್ಲಿ ಒರೆಕ್ಸಿನ್ ಸಂದೇಶವನ್ನು ಹಿಡಿದುಕೊಳ್ಳುವ ಜೀನೇ ಕೆಟ್ಟಿದೆ ಎಂದು ತೋರಿಸಿತು. 2000ದಲ್ಲಿ, ತೀರಿಹೋದ ರೋಗಿಗಳ ಮೆದುಳನ್ನು ಪರೀಕ್ಷಿಸಿದಾಗ ಒರೆಕ್ಸಿನ್ ಕೋಶಗಳು ನೂರಕ್ಕೆ 85ರಿಂದ 95ರಷ್ಟು ಇಲ್ಲವಾಗಿದ್ದವು. ಮನುಷ್ಯರಲ್ಲಿ ಜೀನಿನ ದೋಷಕ್ಕಿಂತ, ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಿ ಈ ಕೋಶಗಳ ಮೇಲೆ ಎರಗುತ್ತದೆ ಎಂಬುದಕ್ಕೆ ಸಾಕ್ಷ್ಯ ಬಲವಾಗಿದೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ನೂರರಲ್ಲಿ ಒಂದೆರಡು ಮಾತ್ರ. ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳು ಈ ಸಂಖ್ಯೆಯನ್ನು ತಿಳಿದಿರಬೇಕು.

ಮುಂಜಾನೆಯೇ ಯಾಕೆ ಇಷ್ಟು ಕಷ್ಟ? ನಾರ್ಕೊಲೆಪ್ಸಿ ಇರುವವರು ದಿನದ 24 ತಾಸಿನಲ್ಲಿ ಮಾಡುವ ಒಟ್ಟು ನಿದ್ದೆ ಉಳಿದವರದ್ದಕ್ಕಿಂತ ಬಹಳ ಹೆಚ್ಚೇನಲ್ಲ. ಅದು ಹರಿದು ಹಂಚಿಹೋಗಿರುತ್ತದೆ. ರಾತ್ರಿ ಹಾಸಿಗೆಗೆ ಹೋದ ಕೂಡಲೇ ನಿದ್ದೆ ಹತ್ತುತ್ತದೆ, ಆದರೆ ತಾಸೆರಡು ತಾಸಿಗೊಮ್ಮೆ ಎಚ್ಚರವಾಗುತ್ತದೆ. ಸಾಮಾನ್ಯವಾಗಿ ಕನಸು ತುಂಬಿದ ರೆಮ್ ನಿದ್ದೆ ಶುರುವಾಗಲು ಸುಮಾರು 90 ನಿಮಿಷ ಬೇಕು. ಇವರಲ್ಲಿ ಅದು ಕೆಲವೇ ನಿಮಿಷಗಳಲ್ಲಿ ನುಗ್ಗುತ್ತದೆ, ಏಳುವ ಹೊತ್ತಿನಲ್ಲೂ ಬಿಟ್ಟುಹೋಗುವುದಿಲ್ಲ. ಹಾಗಾಗಿ ಕಣ್ಣು ತೆರೆದಿದ್ದರೂ ಮೈ ಅಲುಗದೆ ಒಂದೆರಡು ನಿಮಿಷ ಮಲಗಿಯೇ ಇರಬೇಕಾಗುತ್ತದೆ, ಕೋಣೆಯಲ್ಲಿ ಯಾರೋ ನಿಂತಂತೆ, ಎದೆಯ ಮೇಲೆ ಕೂತಂತೆ ಭಾಸವಾಗುತ್ತದೆ. ಇದನ್ನು ಗಾಳಿ ಬಡಿದದ್ದು ಎಂದು ತಿಳಿದು ತಾಯಿತ ಕಟ್ಟಿಸುವುದುಂಟು. ನಗು ಬಂದಾಗ ಮೊಣಕಾಲು ಸಡಿಲಾಗಿ ಕುಸಿಯುವ, ದವಡೆ ಜೋತುಬೀಳುವ ಲಕ್ಷಣವನ್ನು ಫಿಟ್ಸ್ ಎಂದು ತಪ್ಪು ತಿಳಿಯುವುದೂ ಉಂಟು. ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪುತ್ತದೆ, ಇಲ್ಲಿ ಬಿದ್ದವರಿಗೆ ಸುತ್ತಲಿನ ಮಾತೆಲ್ಲ ಕೇಳಿಸುತ್ತಿರುತ್ತದೆ. ತರಗತಿಯಲ್ಲಿ ಇನ್ನೊಂದು ಗುರುತು ನೋಟ್‌ಬುಕ್ಕಿನಲ್ಲೇ ಸಿಗುತ್ತದೆ. ಡಿಕ್ಟೇಶನ್ ಬರೆಯುತ್ತಿದ್ದ ಕೈ ನಿಲ್ಲುವುದಿಲ್ಲ, ಆದರೆ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುತ್ತವೆ, ಒತ್ತಕ್ಷರ ಕಳಚುತ್ತವೆ, ಕೊನೆಗೆ ಪೆನ್ನು ಎಳೆದ ಉದ್ದ ಗೀಟು ಮಾತ್ರ ಉಳಿಯುತ್ತದೆ. ಅರ್ಧ ನಿದ್ದೆಯಲ್ಲೇ ಬರೆದ ಸಾಲುಗಳು ಅವು. ಅವನ್ನು ನೋಡಿ ಅಕ್ಷರ ಕೆಟ್ಟದಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷಕರೇ ಈ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲವರು ಕೂಡ.

ಶಿಸ್ತು ಕಲಿಸಿದರೆ ಎಲ್ಲ ಸರಿಹೋಗುತ್ತದೆ, ರಾತ್ರಿ ಬೇಗ ಮಲಗಿದರೆ ಸಾಕು ಎಂಬ ಆಕ್ಷೇಪವನ್ನು ತಳ್ಳಿಹಾಕಲು ಬರುವುದಿಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತದೆ. ಹಗಲು ತೂಕಡಿಸುವ ಮಕ್ಕಳಲ್ಲಿ ಹೆಚ್ಚಿನವರಿಗೆ ಬೇಕಿರುವುದು ಇನ್ನೊಂದು ತಾಸಿನ ನಿದ್ದೆ, ಅಷ್ಟೆ. ರಕ್ತಹೀನತೆ, ಥೈರಾಯ್ಡ್, ಗೊರಕೆಯೊಡನೆ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೂ ಹಗಲು ನಿದ್ದೆ ತರುತ್ತವೆ. ನಿಯಮಿತ ಹೊತ್ತಿಗೆ ಮಲಗಿ ಏಳುವುದು ನಾರ್ಕೊಲೆಪ್ಸಿ ಇರುವವರಿಗೂ ಖಂಡಿತ ಉಪಯೋಗ. ಆದರೆ ನಿದ್ದೆಗೆಟ್ಟವನು ಒಂದು ವಾರ ಚೆನ್ನಾಗಿ ಮಲಗಿದರೆ ಚೇತರಿಸಿಕೊಳ್ಳುತ್ತಾನೆ, ಒರೆಕ್ಸಿನ್ ಕೋಶ ಕಳೆದುಕೊಂಡವನು ಎಷ್ಟು ಮಲಗಿದರೂ ಚೇತರಿಸಿಕೊಳ್ಳುವುದಿಲ್ಲ. ಸತ್ತ ಕೋಶವನ್ನು ಶಿಸ್ತು ಮರಳಿ ಹುಟ್ಟಿಸಲಾರದು.

ರಿಯಾಯಿತಿ ಕೊಟ್ಟರೆ ಎಲ್ಲರೂ ಇದೇ ನೆಪ ಹೇಳುತ್ತಾರೆ ಎಂಬುದು ಮುಖ್ಯೋಪಾಧ್ಯಾಯರ, ಮೇಲ್ವಿಚಾರಕರ ಭಯ. ಈ ಕಾಯಿಲೆಯನ್ನು ನಟಿಸುವುದು ಸುಲಭವಲ್ಲ. ಮೊದಲು ಒಂದು ರಾತ್ರಿ ಪ್ರಯೋಗಾಲಯದಲ್ಲಿ ತಲೆ, ಕಣ್ಣಂಚು, ಗದ್ದಕ್ಕೆ ತಂತಿ ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡೆರಡು ತಾಸಿಗೊಮ್ಮೆ, ಒಟ್ಟು ಐದು ಸಲ, ಕತ್ತಲೆ ಕೋಣೆಯಲ್ಲಿ 20 ನಿಮಿಷ ಮಲಗುವ ಅವಕಾಶ ಕೊಟ್ಟು ಎಷ್ಟು ಬೇಗ ನಿದ್ದೆ ಬರುತ್ತದೆ ಎಂದು ಅಳೆಯುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಬಂದು, ಕನಿಷ್ಠ ಎರಡು ಸಲ 15 ನಿಮಿಷದೊಳಗೆ ರೆಮ್ ನಿದ್ದೆ ಕಾಣಿಸಿದರೆ ಅದು ನಾರ್ಕೊಲೆಪ್ಸಿಯ ಪರವಾದ ಸಾಕ್ಷ್ಯ. ಕಣ್ಣು ಮುಚ್ಚಿ ಮಲಗಿದಂತೆ ನಟಿಸಬಹುದು, ರೆಮ್ ಅಲೆಗಳನ್ನು ಬೇಕೆಂದಾಗ ತರಿಸಿಕೊಳ್ಳಲು ಯಾರಿಗೂ ಆಗದು. ನಿದ್ದೆಗೆಟ್ಟವರಲ್ಲೂ ರಾತ್ರಿ ಪಾಳಿಯವರಲ್ಲೂ ಈ ಪರೀಕ್ಷೆ ಕೆಲವೊಮ್ಮೆ ತಪ್ಪು ಫಲಿತಾಂಶ ಕೊಡುವುದರಿಂದ ಅದಕ್ಕೆ ಮುಂಚಿನ ಎರಡು ವಾರದ ನಿದ್ದೆಯ ದಾಖಲೆಯನ್ನೂ ವೈದ್ಯರು ಕೇಳುತ್ತಾರೆ. ನಿಜವಾದ ತೊಡಕಿರುವುದು ದೂರ ಮತ್ತು ಖರ್ಚಿನಲ್ಲಿ. ನರರೋಗ ತಜ್ಞರನ್ನು ಕಾಣಲು ಈ ಮೂರು ತಾಲೂಕಿನವರು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು, ಕೆಲವರು ಬೆಂಗಳೂರಿನ ನಿಮ್ಹಾನ್ಸ್‌ವರೆಗೂ. ಪಾಶ್ಚಾತ್ಯ ದೇಶಗಳಲ್ಲಿ ಲಕ್ಷಕ್ಕೆ 25ರಿಂದ 50 ಜನರಿಗೆ ಈ ಕಾಯಿಲೆ ಇದೆ. ಅದೇ ಪ್ರಮಾಣವನ್ನು 2011ರ ಜನಗಣತಿಯಂತೆ 47 ಲಕ್ಷ ದಾಟಿದ ಬೆಳಗಾವಿ ಜಿಲ್ಲೆಗೆ ಹಿಡಿದರೆ ಸಾವಿರದಿಂದ ಎರಡು ಸಾವಿರಕ್ಕೂ ಹೆಚ್ಚು ಜನರಾಗುತ್ತಾರೆ. ಇದು ಅಂದಾಜಷ್ಟೇ, ಆದರೆ ಅಪರೂಪದ ಕಾಯಿಲೆ ಎಂದು ಕೈಬಿಡುವಷ್ಟು ಸಣ್ಣದಲ್ಲ.

ಈಗ ವೇಳಾಪಟ್ಟಿಯ ಮಾತು. ನಾರ್ಕೊಲೆಪ್ಸಿಯಲ್ಲಿ 15-20 ನಿಮಿಷದ ಹಗಲು ನಿದ್ದೆ ಬಹಳ ಜನರಿಗೆ ಚೇತರಿಕೆ ಕೊಡುತ್ತದೆ. ಅಮೆರಿಕದ ಆನ್ ರೋಜರ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧದ ಜೊತೆಗೆ ನಿಗದಿತ ಹೊತ್ತಿನ ರಾತ್ರಿ ನಿದ್ದೆ ಮತ್ತು ದಿನಕ್ಕೆರಡು 15 ನಿಮಿಷದ ಹಗಲು ನಿದ್ದೆ ಸೇರಿದಾಗ ಲಕ್ಷಣಗಳು ಇಳಿದವು. ಔಷಧದ ಮೇಲೂ ತೀವ್ರ ನಿದ್ದೆ ಉಳಿದವರಿಗೆ ಇದರಿಂದ ಹೆಚ್ಚು ಲಾಭ, ಉಳಿದವರಿಗೆ ಅಷ್ಟಾಗಿ ಇಲ್ಲ. ಶಾಲೆಯಲ್ಲಿ ಇದಕ್ಕೆ ಬೇಕಾದದ್ದು ಸ್ಟಾಫ್ ರೂಮಿನ ಒಂದು ಮೂಲೆ, ಒಂದು ಚಾಪೆ, ಸರಿಯಾಗಿ ಎಬ್ಬಿಸಲು ಒಬ್ಬ ಗೆಳೆಯ. ಎಸ್ಸೆಸ್ಸೆಲ್ಸಿ ವರ್ಷದ ಬೆಳಗಿನ ವಿಶೇಷ ತರಗತಿಯಿಂದ ಆ ಒಬ್ಬನನ್ನು ಬಿಟ್ಟು, ಅದೇ ಪಾಠವನ್ನು ಅವನು ಚುರುಕಾಗಿರುವ ಹೊತ್ತಿಗೆ ಹೇಳಿಕೊಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಾರ್ಕೊಲೆಪ್ಸಿಯ ಹೆಸರಿಲ್ಲ. ದೀರ್ಘಕಾಲದ ನರವ್ಯೂಹದ ತೊಂದರೆಗಳು ಎಂಬ ವರ್ಗವಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿ ಬರುತ್ತವೆ. ನಾರ್ಕೊಲೆಪ್ಸಿಯನ್ನೂ ಅದರಡಿ ಸ್ಪಷ್ಟವಾಗಿ ಸೇರಿಸಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಹಾಗಂತ ಒಂದು ಚಾಪೆ ಹಾಸಲು ಕಾಯ್ದೆ ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ.

ಕೆಲಸದ ಜಾಗದ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. 1885ರಲ್ಲಿ ಸ್ಥಾಪನೆಯಾದ ಗೋಕಾಕ ಫಾಲ್ಸಿನ ಗಿರಣಿಯ ಕಾಲದಿಂದ ಈ ಸೀಮೆಯ ಬದುಕು ಭೋಂಗಾಕ್ಕೆ ಹೊಂದಿಕೊಂಡಿದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳು ಹಗಲು ರಾತ್ರಿ ಮೂರು ಪಾಳಿಯಲ್ಲಿ ನಡೆಯುತ್ತವೆ. ವಾರಕ್ಕೊಮ್ಮೆ ಬದಲಾಗುವ ಪಾಳಿ ಈ ಕಾಯಿಲೆಗೆ ಅತ್ಯಂತ ಕೆಟ್ಟದ್ದು, ಯಾಕೆಂದರೆ ಇವರಿಗೆ ಉಳಿದಿರುವ ಏಕೈಕ ಆಧಾರವಾದ ನಿಗದಿತ ಹೊತ್ತನ್ನೇ ಅದು ಕಿತ್ತುಕೊಳ್ಳುತ್ತದೆ. ತಿರುಗುವ ಯಂತ್ರದ ಮುಂದೆ, ಕಬ್ಬಿನ ಟ್ರ್ಯಾಕ್ಟರ್ ಮೇಲೆ ತೂಕಡಿಸುವವನಿದ್ದರೆ ಉಳಿದವರ ಗತಿಯೇನು ಎಂಬ ಮಾಲೀಕರ ಆಕ್ಷೇಪ ನ್ಯಾಯವಾದದ್ದು. ಅಂಥ ಕೆಲಸ ಕೊಡಲೇಬಾರದು. ಆದರೆ ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯವಿದ್ದರೆ ಅವನು ಮುಚ್ಚಿಟ್ಟುಕೊಂಡು ಅದೇ ಯಂತ್ರದ ಮುಂದೆ ನಿಲ್ಲುತ್ತಾನೆ. ಖಾಯಂ ಹಗಲು ಪಾಳಿ, ತೂಕದ ಮನೆಯಲ್ಲೋ ಸ್ಟೋರಿನಲ್ಲೋ ಕೆಲಸ, ಊಟದ ಬಿಡುವಿನಲ್ಲಿ ಕಾಲು ತಾಸಿನ ನಿದ್ದೆ ಸಿಗುತ್ತದೆ ಎಂಬ ಭರವಸೆಯಿದ್ದರೆ ಅವನೇ ಮುಂದೆ ಬಂದು ಹೇಳುತ್ತಾನೆ. ಸುರಕ್ಷತೆಯ ಲೆಕ್ಕದಲ್ಲೂ ಇದೇ ಒಳ್ಳೆಯದು.

ಔಷಧದಿಂದ ಕಾಯಿಲೆ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ಮೊಡಾಫಿನಿಲ್ ಭಾರತದಲ್ಲಿ ಸಿಗುತ್ತದೆ. ವೈದ್ಯರ ಚೀಟಿಯಿಲ್ಲದೆ, ಪರೀಕ್ಷೆಗೆ ಓದಲೆಂದು ಇದನ್ನು ನುಂಗುವುದು ಅಪಾಯ. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಇದು ತಗ್ಗಿಸುತ್ತದೆ ಎಂಬುದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕು. ಮಾತ್ರೆಯ ಪ್ರಭಾವ ಏರಲು ಹೊತ್ತು ಬೇಕಾದ್ದರಿಂದ, ಏಳುವ ಹೊತ್ತಿಗಿಂತ ಮುಂಚೆಯೇ ಒಮ್ಮೆ ಎಬ್ಬಿಸಿ ನುಂಗಿಸಿ ಮತ್ತೆ ಮಲಗಲು ಬಿಡುವ ಕ್ರಮ ತಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು. ಮುಂಜಾನೆಯ ಜಗಳ ಇದರಿಂದ ಕಡಿಮೆಯಾಗಬಹುದು. ಇಲ್ಲವಾದ ಒರೆಕ್ಸಿನ್ನಿನ ಕೆಲಸವನ್ನೇ ಮಾಡುವ ಹೊಸ ಔಷಧಗಳ ಪ್ರಯೋಗವೂ ನಡೆದಿದೆ. ಸಂಶಯವಿರುವ ಮನೆಯವರು ಬೆಳಗಾವಿಯ ಬಸ್ ಹತ್ತುವ ಮೊದಲು ಎರಡು ಕೆಲಸ ಮಾಡಿಕೊಳ್ಳಬೇಕು: ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ, ಮಲಗಿದ ಹೊತ್ತು, ಎದ್ದ ಹೊತ್ತು, ಹಗಲು ತೂಕಡಿಸಿದ ಹೊತ್ತು ಬರೆದಿಡುವುದು, ನಗುವಾಗ ಮಗುವಿನ ದವಡೆಯೋ ಮೊಣಕಾಲೋ ಸಡಿಲಾಗುತ್ತಿದ್ದರೆ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡುವುದು. ಆ ವಿಡಿಯೊ ತಜ್ಞರ ಕಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗುವುದು ತಪ್ಪೀತು.