ಕುನ್ನಿ ಇರಲಿ, ತಾಯಿ ಎಲ್ಲಿ?

ನಂದೂರಿನಲ್ಲಿರುವ ನನ್ನ ಅಕ್ಕನ ಮಗ ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ, ಒಂದು ಲ್ಯಾಬ್ರಡಾರ್ ಮರಿ ತಂದ. ಮೊಬೈಲಿನಲ್ಲಿ ಫೋಟೊ ನೋಡಿ ಮೆಚ್ಚಿದ್ದು. ಮಾರುವವನು ಮನೆಗೆ ಕರೆಯಲಿಲ್ಲ. ಕಲಬುರಗಿಯ ರಿಂಗ್ ರೋಡಿನಲ್ಲಿ ನಿಂತಿರಲು ಹೇಳಿ, ಬೈಕಿನ ಮೇಲೆ ಬಂದು, ಬಿಸ್ಕತ್ತಿನ ರಟ್ಟಿನ ಡಬ್ಬಿಯೊಳಗಿಂದ ಮರಿ ತೆಗೆದುಕೊಟ್ಟು, ಎಂಟು ಸಾವಿರ ಎಣಿಸಿಕೊಂಡು ಹೋದ. “ಪಂಚ್ ಫೇಸ್ ಅದರಿ, ಡಬಲ್ ಬೋನ್. ನಲ್ವತ್ತೈದ್ ದಿನದ್ದು” ಅಂದನಂತೆ.

ಡಬಲ್ ಬೋನ್ ಎಂಬುದು ನಾಯಿ ಮಾರುವವರ ಮಾತು, ಪಶುವೈದ್ಯರ ಪುಸ್ತಕದ್ದಲ್ಲ. ನಾಯಿಯ ಮೈಯಲ್ಲಿ ಸುಮಾರು 320 ಎಲುಬು. ಹೆಚ್ಚು ದುಡ್ಡು ಕೊಟ್ಟವರಿಗೆ ಅವು ಎರಡೆರಡಾಗಿ ಬರುವುದಿಲ್ಲ. ಟ್ರಿಪಲ್ ಕೋಟ್ ಜರ್ಮನ್ ಶೆಫರ್ಡ್, ಟೀ ಕಪ್ ಪಾಮೇರಿಯನ್ ಎಂಬುವೂ ಇದೇ ಸಂತೆಯ ಸರಕು.

ಸಂಜೆ ನಾನು ಹೋದಾಗ ಮರಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಮುದುಡಿ ಮಲಗಿತ್ತು. “ಮಾಮಾ, ಮಾರಿ ಎಷ್ಟ್ ಛಂದ ಅದ ನೋಡು” ಅಂದ ಅವನು. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನ ಚಾಳಿ, ನಾನು ಮುಖ ನೋಡುವ ಬದಲು ಬಾಯಿ ಬಿಡಿಸಿದೆ. ಮುಂದಿನ ಸಣ್ಣ ಹಲ್ಲುಗಳು ಅಕ್ಕಿಯ ನುಚ್ಚಿನ ಹಾಗೆ ಆಗಷ್ಟೇ ವಸಡು ಸೀಳಿ ಬಂದಿದ್ದವು. ದವಡೆಯ ಹಲ್ಲಿನ ಜಾಗ ಬೆರಳಿಗೆ ಬರೀ ಮೆತ್ತಗೆ. ನಾಯಿಮರಿಗೆ ಕೋರೆಹಲ್ಲು ಮತ್ತು ಮುಂಬದಿಯ ಹಾಲುಹಲ್ಲು ಮೂಡುವುದು ಮೂರರಿಂದ ನಾಲ್ಕು ವಾರಕ್ಕೆ, ದವಡೆಯವು ಅದರ ಬಳಿಕ. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲೂ ಬಹುಮಟ್ಟಿಗೆ ಬಂದಿರುತ್ತವೆ. ಇದಕ್ಕೆ ತಿಂಗಳು ತುಂಬಿದ್ದರೆ ಹೆಚ್ಚು. ಹೊಟ್ಟೆ ಮಾತ್ರ ತಂಬಿಗೆಯ ಹಾಗೆ ಉಬ್ಬಿತ್ತು. ಅಕ್ಕ ಅದನ್ನು ನೋಡಿ “ಹೊಟ್ಟಿ ತುಂಬ ಉಂಡದ” ಎಂದು ಖುಷಿಪಟ್ಟಳು. ಉಂಡದ್ದಲ್ಲ, ಜಂತು.

“ತಾಯಿ ನೋಡಿದಿ?” ಎಂದು ಕೇಳಿದೆ.

“ಇಲ್ಲ ಮಾಮಾ. ತಾಯಿ ಹೈದರಾಬಾದನಾಗ ಅದ ಅಂದ.”

ಆರನೇ ದಿನ ಮರಿ ವಾಂತಿ ಮಾಡಿತು. ಏಳನೇ ದಿನ ರಕ್ತಭೇದಿ, ಕೋಣೆಗೆಲ್ಲ ಹರಡುವ ಒಂದು ಬಗೆಯ ಕೊಳೆತ ವಾಸನೆ. ಪಶು ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಏರಿಸಿದರು. ಒಂಬತ್ತನೇ ದಿನ ಬೆಳಗಿನ ಜಾವ ಹೋಯಿತು. ಮಾರಿದವನಿಗೆ ಫೋನ್ ಮಾಡಿದರೆ, “ನಮ್ಮ ಬಲ್ಲಿ ಇದ್ದಾಗ ಛಲೋನೇ ಇತ್ತಲ್ರಿ” ಅಂದ. ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಮರಿಯನ್ನು ಕೊಂದದ್ದು ಪಾರ್ವೊ ವೈರಸ್. ಅದು ಮೈ ಹೊಕ್ಕ ಮೇಲೆ ರೋಗ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಕೈ ಬದಲಾಗುವಾಗ ಮರಿ ಚೆಂದವೇ ಇರುತ್ತದೆ. ಈ ವ್ಯಾಪಾರ ನಡೆಯುವುದೇ ಆ ನಾಲ್ಕಾರು ದಿನಗಳ ಅಂತರದಲ್ಲಿ.

1978ರ ಸುಮಾರಿಗೆ ಗುರುತು ಸಿಕ್ಕ ಈ ವೈರಸ್ಸಿಗೆ ವೇಗವಾಗಿ ವಿಭಜಿಸುವ ಜೀವಕೋಶ ಬೇಕು. ಅಂಥವು ಕರುಳಿನ ಒಳಪದರದಲ್ಲಿವೆ, ಎಲುಬಿನ ಮಜ್ಜೆಯಲ್ಲಿವೆ. ಹಾಗಾಗಿ ಕರುಳಿನ ಗೋಡೆ ಕಳಚಿ ಬೀಳುವಾಗಲೇ ಬಿಳಿರಕ್ತಕಣವೂ ಕುಸಿಯುತ್ತದೆ. ಕೋಟೆ ಒಡೆಯುವುದೂ ಸೈನ್ಯ ಓಡಿಹೋಗುವುದೂ ಒಂದೇ ರಾತ್ರಿಯಲ್ಲಿ. ನೆಲದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಶೆಡ್ಡಿಗೆ ಹೊಕ್ಕರೆ ಈ ಸೂಲಿನ ಮರಿ ಸತ್ತು ಮುಂದಿನ ಸೂಲಿನ ಮರಿಗೂ ಕಾದು ಕೂತಿರುತ್ತದೆ.

ಮರಿಯನ್ನು ಇದರಿಂದ ಮೊದಲ ವಾರಗಳಲ್ಲಿ ಕಾಯುವುದು ತಾಯಿಯ ಗಿಣ್ಣುಹಾಲು. ಹುಟ್ಟಿದ ಮೊದಲ ದಿನ ಮಾತ್ರ ಮರಿಯ ಕರುಳು ಆ ಹಾಲಿನಲ್ಲಿರುವ ರೋಗನಿರೋಧಕಗಳನ್ನು ಇಡಿಯಾಗಿ ಹೀರಿಕೊಳ್ಳಬಲ್ಲದು, ಆಮೇಲೆ ಆ ಬಾಗಿಲು ಮುಚ್ಚಿತು. ತಾಯಿಗೆ ಲಸಿಕೆಯೇ ಆಗಿಲ್ಲದಿದ್ದರೆ, ಅವಳು ಹಿಂದೆಂದೂ ಆ ರೋಗ ಗೆದ್ದಿಲ್ಲದಿದ್ದರೆ, ಗಿಣ್ಣಿನಲ್ಲಿ ಕೊಡುವುದಕ್ಕೆ ಏನಿದೆ? ಇನ್ನು ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿರುವಷ್ಟು ದಿನ ಲಸಿಕೆ ಸರಿಯಾಗಿ ನಾಟುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಹದಿನಾರು ವಾರದ ತನಕ ಬಿಟ್ಟು ಬಿಟ್ಟು ಕೊಡುತ್ತಾರೆ. ನಮ್ಮ ಮರಿಯ ಜೊತೆ ಒಂದು ಲಸಿಕೆ ಕಾರ್ಡು ಬಂದಿತ್ತು. ಸೀಸೆಯ ಮೇಲಿನ ಚೀಟಿ ಅಂಟಿಸಬೇಕಾದ ಕಡೆ ಪೆನ್ನಿನಲ್ಲಿ ಒಂದು ಟಿಕ್ ಗುರುತು, ಕೆಳಗೆ ಹಾವು ಹರಿದಂಥ ಸಹಿ. ವೈದ್ಯರ ಹೆಸರಿಲ್ಲ, ನೋಂದಣಿ ಸಂಖ್ಯೆಯಿಲ್ಲ.

ಜಂತಿನ ಮೂಲವೂ ತಾಯಿಯೇ. ದುಂಡುಹುಳುವಿನ ಮರಿಹುಳುಗಳು ಹೆಣ್ಣುನಾಯಿಯ ಮಾಂಸಖಂಡಗಳಲ್ಲಿ ಸದ್ದಿಲ್ಲದೆ ಮಲಗಿದ್ದು, ಗಬ್ಬದ ಕೊನೆಯ ದಿನಗಳಲ್ಲಿ ಎಚ್ಚೆತ್ತು, ಮಾಸಿನ ಮೂಲಕ ಹೊಟ್ಟೆಯೊಳಗಿನ ಮರಿಗೆ ದಾಟುತ್ತವೆ. ಅಂದರೆ ಮರಿ ಹುಟ್ಟುವಾಗಲೇ ಜಂತು ಹೊತ್ತು ಬಂದಿರುತ್ತದೆ. ಗಬ್ಬದ ಹೆಣ್ಣಿಗೂ ಎಳೆಯ ಮರಿಗೂ ಹೊತ್ತಿಗೆ ಸರಿಯಾಗಿ ಔಷಧ ಹಾಕಿದವನ ಮರಿಯ ಹೊಟ್ಟೆ ತಂಬಿಗೆಯಾಗುವುದಿಲ್ಲ. ಆ ಹುಳುವಿನ ಮೊಟ್ಟೆ ಅಂಗಳದ ಮಣ್ಣಿನಿಂದ ಆಡುವ ಮಕ್ಕಳ ಬಾಯಿಗೂ ಹೋಗುತ್ತದೆಂಬುದು ಬೇರೆ ಮಾತು.

ಬದುಕಿ ಉಳಿದ ಮರಿಯ ಕಥೆ ಇನ್ನೊಂದು. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿಯ ಮಿದುಳಿನ ಬಾಗಿಲು ತೆರೆದಿರುತ್ತದೆ. ತನ್ನವರು ಯಾರು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ಅಷ್ಟರಲ್ಲಿ ಅಚ್ಚಾಗುತ್ತದೆ. ಅದೇ ಪ್ರಯೋಗಾಲಯದಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಹದಿನಾಲ್ಕು ವಾರ ಬೆಳೆಸಿದ ಮರಿಗಳು ಆಮೇಲೆ ಎಷ್ಟು ಮುದ್ದು ಮಾಡಿದರೂ ಮನುಷ್ಯರನ್ನು ಕಂಡರೆ ಬೆದರುತ್ತಿದ್ದವು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠ ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ತಾಯಿಯಿಂದ ಗದರಿಸಿಕೊಂಡು ಬರುವಂಥದ್ದು. ನಾಲ್ಕು ವಾರಕ್ಕೆ ರಟ್ಟಿನ ಡಬ್ಬಿ ಸೇರಿದ ಮರಿ ಆ ಶಾಲೆಗೆ ಹೋಗಿಲ್ಲ. ವರ್ಷ ತುಂಬುವಾಗ ಅದು ಮನೆಯ ಮಗುವಿಗೆ ಬಾಯಿ ಹಾಕುತ್ತದೆ. ಆಗ ತಪ್ಪು ನಾಯಿಯದಾಗುತ್ತದೆ, ಕತ್ತಲಾದ ಮೇಲೆ ಹೈವೇ ಬದಿಯಲ್ಲಿ ಬಿಟ್ಟು ಬರುತ್ತಾರೆ.

2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಪಿಟ್‌ಬುಲ್, ರಾಟ್‌ವೈಲರ್ ಮುಂತಾದ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಕಳಿಸಿತು. ಕರ್ನಾಟಕ ಹೈಕೋರ್ಟ್ ಏಪ್ರಿಲಿನಲ್ಲಿ ಅದನ್ನು ರದ್ದು ಮಾಡಿತು. ತಳಿಯ ಹೆಸರು ಹಿಡಿದು ಜಗಳವಾಡುವುದು ಸುಲಭ. ಆ ನಾಯಿ ಮೊದಲ ಎಂಟು ವಾರ ಎಲ್ಲಿ, ಹೇಗೆ ಬೆಳೆಯಿತು ಎಂದು ಯಾರೂ ಕೇಳುವುದಿಲ್ಲ.

ಇನ್ನು ರಕ್ತದ ವಿಷಯ. ನಮ್ಮ ಕಡೆ ಅಕ್ಕನ ಮಗಳನ್ನು ತರುವ ಸೋದರಿಕೆ ಹಳೆಯದು, ಲೆಕ್ಕ ತಿಳಿಯುವುದಕ್ಕೆ ಅದೇ ಸಾಕು. ಸೋದರಮಾವ–ಸೊಸೆಯ ಮಗುವಿನಲ್ಲಿ ಒಂದೇ ಪೂರ್ವಜರಿಂದ ಬಂದ ಒಂದೇ ಜೀನು ಎರಡೂ ಕಡೆಯಿಂದ ಕೂಡಿಬರುವ ಸಂಭವ ಎಂಟರಲ್ಲಿ ಒಂದು. ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಅಣ್ಣ–ತಂಗಿ ನಾಯಿಗಳನ್ನು ಕೂಡಿಸಿದರೆ, ಇಲ್ಲವೇ ತಂದೆಗೇ ಮಗಳನ್ನು ಬಿಟ್ಟರೆ, ನಾಲ್ಕರಲ್ಲಿ ಒಂದು. ಒಂದು ಗಂಡು ಎರಡು ಹೆಣ್ಣು ಸಾಕಿ “ಬ್ರೀಡರ್” ಅನ್ನಿಸಿಕೊಂಡವನ ಹಿತ್ತಲಲ್ಲಿ ಎರಡೇ ತಲೆಮಾರಿಗೆ ಇದು ಆಗಿಹೋಗುತ್ತದೆ. ಕುರಿ ಸಾಕುವವರು ಟಗರು ಬದಲಿಸುವುದುಂಟು, ಅವರಿಗೆ ಕುರಿ ಬದುಕಬೇಕು. ಇವನಿಗೆ ಮರಿ ಮಾರುವ ದಿನದವರೆಗೆ ಬದುಕಿದರೆ ಸಾಕು.

ಪೇಪರ್ ಇರುವ ನಾಯಿಗಳೂ ಇದರಿಂದ ದೂರವಿಲ್ಲ. ಬ್ರಿಟನ್ನಿನ ಕೆನಲ್ ಕ್ಲಬ್ಬಿನ ವಂಶಾವಳಿಗಳನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2008ರಲ್ಲಿ ಜಾಲಾಡಿದಾಗ, ಸುಮಾರು 20,000 ಬಾಕ್ಸರ್ ನಾಯಿಗಳ ಜೀನ್ ವೈವಿಧ್ಯ ಎಪ್ಪತ್ತು ನಾಯಿಗಳಷ್ಟೇ ಎಂದು ತಿಳಿಯಿತು. ಭಾರತದ ಕೆನಲ್ ಕ್ಲಬ್ಬಿನ (ಕೆಸಿಐ) ಪೇಪರ್ ಹೇಳುವುದು ಅಪ್ಪ–ಅಜ್ಜ ಯಾರೆಂದು, ಅವರ ಸೊಂಟದ ಕೀಲು ಗಟ್ಟಿಯಿತ್ತೇ ಎಂದಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಗುಂಡಿ ಸಡಿಲವಾಗುವ ತೊಂದರೆ ವಂಶದಲ್ಲಿ ಹರಿದುಬರುತ್ತದೆ. ಅದು ಗೊತ್ತಾಗುವುದು ತಂದೆ–ತಾಯಿಯ ಎಕ್ಸ್‌ರೇಯಲ್ಲಿ. ಪೇಪರ್ ಕೊಟ್ಟರೆ ಒಂದು ಕೆಲಸ ಮಾಡಿ: ತಂದೆಯ ಕಡೆಯ ಹೆಸರೇ ತಾಯಿಯ ಕಡೆಯೂ ಇದೆಯೇ ನೋಡಿ.

ಕಿರಣ್‌ರಾಜ್ ಕೆ. ಅವರ ‘777 ಚಾರ್ಲಿ’ 2022ರಲ್ಲಿ ಬಂದಾಗ ಊರೆಲ್ಲ ಥಿಯೇಟರಿನಲ್ಲಿ ಅತ್ತು ಬಂತು. ಅದರ ಕಥೆ ಶುರುವಾಗುವುದು ಇಂಥ “ಬ್ರೀಡರ್” ಒಬ್ಬನ ಮನೆಯಿಂದ ತಪ್ಪಿಸಿಕೊಂಡ ಮರಿಯಿಂದ. ಚಾರ್ಲಿಯ ಕ್ಯಾನ್ಸರಿಗೂ ಆ ಒಳಸಂಬಂಧದ ತಳಿ ಸಾಕಣೆಯನ್ನೇ ಸಿನಿಮಾ ಹೊಣೆ ಮಾಡುತ್ತದೆ. ಒಂದು ನಾಯಿಯ ಒಂದು ರೋಗಕ್ಕೆ ಹಾಗೆ ನೇರ ಗೆರೆ ಎಳೆಯಲು ವಿಜ್ಞಾನ ಒಪ್ಪಲಿಕ್ಕಿಲ್ಲ, ಆದರೆ ಬೊಟ್ಟು ಮಾಡಿದ ದಿಕ್ಕು ಸರಿಯಿದೆ. ಬೇಸರವೆಂದರೆ, ಅತ್ತವರಲ್ಲಿ ಕೆಲವರು ಹೊರಗೆ ಬಂದು ಮೊಬೈಲಿನಲ್ಲಿ ಲ್ಯಾಬ್ರಡಾರ್ ಮರಿ ಹುಡುಕಿದರು. ನನ್ನ ಅಕ್ಕನ ಮಗನೂ ಅವರಲ್ಲೊಬ್ಬ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ನಾಯಿ ಜಾಹೀರಾತು ಬಂದಾಗಲೂ ಹೀಗೇ. ಪಗ್ ಎಂಬ ಹೆಸರು ಬಾರದವರು “ಹಚ್ ನಾಯಿ” ಕೇಳಿಕೊಂಡು ಹೋದರು.

ಕಲಬುರಗಿಯ ಮೇ ತಿಂಗಳಲ್ಲಿ ಪಗ್ ಸಾಕುವುದೆಂದರೇನು ಎಂದು ಹೇಳಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ತೇಕುತ್ತ ಉಸಿರಾಡಿ, ನಾಲಿಗೆ ಮತ್ತು ಮೂಗಿನ ಒಳಪದರದ ತೇವ ಆರಿಸಿ ರಕ್ತ ತಂಪು ಮಾಡಿಕೊಳ್ಳುತ್ತದೆ. ಉದ್ದ ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಎಲುಬುಗಳ ಮೇಲೆ ಹಾಸಿದ ಒದ್ದೆ ಚರ್ಮ ಇರುತ್ತದೆ, ಬೇಸಿಗೆಯ ಕೂಲರಿನ ಹುಲ್ಲಿನ ಪರದೆಯ ಹಾಗೆ. ಪಗ್ಗಿನ ಮುಖವನ್ನು ಮನುಷ್ಯ ತಲೆಮಾರುಗಳಿಂದ ಚಪ್ಪಟೆ ಮಾಡುತ್ತ ಬಂದ. ಎಲುಬು ಕುಗ್ಗಿತು, ಒಳಗಿನ ಮಾಂಸ ಕುಗ್ಗಲಿಲ್ಲ. ಅದೇ ಇಕ್ಕಟ್ಟಿನಲ್ಲಿ ಮಡಚಿ, ಅಂಗುಳು ಗಂಟಲಿಗೆ ಜೋತು, ಮೂಗಿನ ಹೊರಳೆ ಸೀಳಿನಷ್ಟೇ ಉಳಿಯಿತು. 42 ಡಿಗ್ರಿಯಲ್ಲಿ ಅದು ಗೊರಗುಟ್ಟುವುದನ್ನು ಮುದ್ದು ಎಂದುಕೊಳ್ಳುತ್ತೇವೆ. ಅದು ಕೆಟ್ಟ ಕೂಲರಿನ ಸದ್ದು. ಸೈಬೀರಿಯಾದ ಹಿಮಕ್ಕೆಂದು ಎರಡು ಪದರ ತುಪ್ಪಳ ಹೊದ್ದ ಹಸ್ಕಿಯನ್ನು ತೊಗರಿ ನಾಡಿನಲ್ಲಿ ಮಾರುವವನಿಗೆ ಏನೆನ್ನಬೇಕೋ.

ಈ ನಾಡಿಗೆ ಒಗ್ಗಿದ ನಾಯಿ ಇಲ್ಲವೆಂದಲ್ಲ. ಮುಧೋಳದ್ದು ಸಪೂರ ಮೈ, ಆಳದ ಎದೆ, ಗಿಡ್ಡ ಕೂದಲು, ಉದ್ದ ಮೂತಿ. ಬಯಲುಸೀಮೆಯ ಬಿಸಿಲಿನಲ್ಲಿ ಮೊಲದ ಹಿಂದೆ ಓಡಿ ಓಡಿ ಆಯ್ಕೆಯಾದ ದೇಹ ಅದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೇನೆಯ ಮೀರತ್ ಕೇಂದ್ರಕ್ಕೆ ಮರಿಗಳು ಹೋದವು, 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೊಗಳಿದರು. ಹೊಗಳಿಕೆ ತಳಿಗೆ ಒಳ್ಳೆಯದೋ ಕೆಟ್ಟದ್ದೋ ನನಗೆ ಅನುಮಾನ. ಬೇಡಿಕೆ ಏರಿದಾಗ ಮರಿ ಬೇಕಾಗುತ್ತವೆ, ಓಟದ ಪಂದ್ಯಕ್ಕೆಂದು ಗ್ರೇಹೌಂಡ್ ರಕ್ತ ಬೆರೆಸುವವರೂ ಹುಟ್ಟುತ್ತಾರೆ. ಒಂದು ಅನುಕೂಲವಿದೆ: ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಈ ತಳಿಯನ್ನು ಸಾಕಿ ಮರಿ ಕೊಡುತ್ತದೆ.

ಕಾನೂನು ಇಲ್ಲವೇ? ಇದೆ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಸಾಕುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹದಿನೆಂಟು ತಿಂಗಳಾಗದ ಹೆಣ್ಣಿಗೆ ಗಂಡು ಬಿಡುವಂತಿಲ್ಲ, ಜೀವಮಾನಕ್ಕೆ ಐದು ಸೂಲಿಗಿಂತ ಹೆಚ್ಚು ಹಾಕಿಸುವಂತಿಲ್ಲ, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನಮ್ಮ ಪೇಟೆಯಲ್ಲಿ “ನಲ್ವತ್ತೈದ್ ದಿನ” ಎಂಬುದು ಮಂತ್ರದ ಹಾಗೆ ನಡೆದಿದೆ, ಅದೇ ನಿಯಮ ಮುರಿದ ಲೆಕ್ಕ. ಆದರೆ ಪ್ರಾಣಿ ಹಿಂಸೆಗೆ 1960ರ ಕಾಯ್ದೆ ಮೊದಲ ಸಲಕ್ಕೆ ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದೇ ಎಂಟು ಸಾವಿರದ ಮರಿಯಲ್ಲಿ ನೂರರವತ್ತು ಸಲ ಕಟ್ಟಬಹುದು. ಇಂಗ್ಲೆಂಡಿನಲ್ಲಿ ಲೂಸಿ ಎಂಬ ನಾಯಿಯ ಹೆಸರಿನ ಕಾನೂನು 2020ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅಂಗಡಿಯವನು, ದಲ್ಲಾಳಿ ಯಾರೂ ಆರು ತಿಂಗಳೊಳಗಿನ ಮರಿ ಮಾರುವಂತಿಲ್ಲ. ಸಾಕಿದವನ ಮನೆಗೇ ಹೋಗಿ, ತಾಯಿಯ ಜೊತೆ ಇರುವಾಗಲೇ ಮರಿ ನೋಡಬೇಕು. ಲೂಸಿ ಒಂದು ಮರಿ ಕಾರ್ಖಾನೆಯಲ್ಲಿ ಮತ್ತೆ ಮತ್ತೆ ಹೆತ್ತ, ಬೆನ್ನು ಬಾಗಿದ ತಾಯಿ.

ಕೇಡು ಮಾಡುವವರೆಲ್ಲ ಕೇಡಿಗರಲ್ಲ ಎಂಬುದನ್ನೂ ಹೇಳಬೇಕು. “ಹೆಣ್ಣುನಾಯಿಗೆ ಒಮ್ಮೆಯಾದರೂ ಮರಿ ಹಾಕಿಸಬೇಕು, ಇಲ್ಲಾಂದ್ರ ರೋಗ ಬರ್ತದ” ಎಂದು ನಂಬಿದ ಒಳ್ಳೆಯ ಮನೆಗಳೇ ಎಷ್ಟೋ. ಇದು ತಿರುಗುಮುರುಗು. ಎಳವೆಯಲ್ಲೇ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಸಿದ ನಾಯಿಗೆ ಮೊಲೆಯ ಗಡ್ಡೆ ಅಪರೂಪ, ಗರ್ಭಕೋಶದಲ್ಲಿ ಕೀವು ತುಂಬುವ ರೋಗಕ್ಕೆ ಜಾಗವೇ ಇರುವುದಿಲ್ಲ.

ಹೋದ ದೀಪಾವಳಿಗೆ ಅಕ್ಕನ ಮಗ ಮತ್ತೆ ಮರಿಯ ಮಾತು ತೆಗೆದ. ಈ ಸಲ ಬೇರೊಬ್ಬ ಮಾರುವವನಿಗೆ ಫೋನಿನಲ್ಲೇ ಕೇಳಿದ: “ಕುನ್ನಿ ಆಮ್ಯಾಲ ನೋಡ್ತೀನ್ರಿ, ತಾಯಿ ತೋರಸ್ತೀರೇನು?” ಅವನು ಒಪ್ಪಿದ. ಊರ ಹೊರಗೆ ತಗಡಿನ ಶೆಡ್ಡು, ಬಾಗಿಲಲ್ಲೇ ಉಚ್ಚೆ ಮತ್ತು ಫಿನಾಯಿಲಿನ ವಾಸನೆ. ಮರಿಗಳು ಮುಂದೆ ಬುಟ್ಟಿಯಲ್ಲಿ, ಹಳದಿ ರಿಬ್ಬನ್ ಕಟ್ಟಿಸಿಕೊಂಡು. ತಾಯಿ ಹಿಂದಿನ ಕಬ್ಬಿಣದ ಪಂಜರದಲ್ಲಿ. ಮೊಲೆಗಳು ಜೋತು ಬಿದ್ದಿದ್ದವು, ಮೊಣಕೈಯ ಕೂದಲು ಉದುರಿ ಚರ್ಮ ಚಪ್ಪಲಿಯ ಅಟ್ಟೆಯಷ್ಟು ದಪ್ಪಗಟ್ಟಿತ್ತು. ನಮ್ಮನ್ನು ಕಂಡು ಬೊಗಳಲಿಲ್ಲ, ಬಾಲವಾಡಿಸಲಿಲ್ಲ. ಹುಡುಗ ಕೂತು ಅದರ ಕಾಲು ನೋಡಿದ. ನಡೆದಾಡುವ ನಾಯಿಯ ಉಗುರನ್ನು ನೆಲವೇ ಸವೆಸುತ್ತದೆ. ಇದರವು ಕುಡುಗೋಲಿನ ಹಾಗೆ ಬಾಗಿ ಪಂಜರದ ಸರಳಿಗೆ ಸಿಕ್ಕಿಕೊಂಡಿದ್ದವು.

“ಉಗುರು ಯಾಕ್ರಿ ಹಿಂಗ ಬೆಳದಾವ?”

“ಅದು ಹೊರಗ ಬರಂಗಿಲ್ರಿ” ಅಂದ ಅವನು. “ಕುನ್ನಿ ಬೇಕೋ ಬ್ಯಾಡೋ ಹೇಳ್ರಿ, ಐದ್ ಗಂಟೆಕ್ಕ ಇನ್ನೊಬ್ರು ಬರೋರದಾರ.”