ಗಾಳಿಯಾಡದ ಕಣಜ

ಸಹಾರಾ ಮರುಭೂಮಿಯ ಅಂಚಿನಲ್ಲಿರುವ ನೈಜರ್ ದೇಶದ ಮರಳುಹೊಲಗಳಲ್ಲಿ, ವರ್ಷಕ್ಕೊಮ್ಮೆ ಬಂದುಹೋಗುವ ಅಲ್ಪ ಮಳೆಯನ್ನೇ ನಂಬಿ ಸಜ್ಜೆಯೊಡನೆ ಅಲಸಂದೆಯನ್ನು ಬಿತ್ತುವ ಬಡ ಕೃಷಿಕನಿಗೆ, ಬೆಳೆ ಕೈಸೇರಿದ ದಿನವೇ ಮತ್ತೊಂದು ಚಿಂತೆ ಮೊದಲಾಗುತ್ತದೆ. ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟು, ಕಾಳಿನೊಳಗೆ ಅಡಗಿ ಮನೆಯನ್ನು ಪ್ರವೇಶಿಸುವ ಕುಟ್ಟೆಹುಳು, ಸುಮಾರು ತಿಂಗಳಿಗೊಂದು ತಲೆಮಾರಿನಂತೆ ವೃದ್ಧಿಹೊಂದಿ, ಬೇಸಗೆ ಬರುವಷ್ಟರಲ್ಲಿ ಚೀಲದ ಬಹುಭಾಗವನ್ನು ತೂತುಗಳನ್ನಾಗಿಯೂ ಹಿಟ್ಟನ್ನಾಗಿಯೂ ಮಾಡಿಬಿಡುತ್ತದೆ.

ಈ ನಷ್ಟವನ್ನು ತಕ್ಕಡಿಯಿಂದ ಅಳೆದರೆ ಸಾಲದು. ಹುಳು ತಿಂದ ಕಾಳಿಗಿಂತಲೂ, ಹುಳು ತಿಂದೀತೆಂಬ ಭಯದಿಂದ ಸುಗ್ಗಿಯಲ್ಲಿಯೇ, ಊರೆಲ್ಲ ಮಾರುವುದರಿಂದ ಬೆಲೆ ಕುಸಿದಿರುವ ಹೊತ್ತಿನಲ್ಲಿಯೇ, ಕೃಷಿಕನು ಅನಿವಾರ್ಯವಾಗಿ ಮಾರಿಬಿಡುವ ಕಾಳಿನಿಂದ ಆಗುವ ಹಾನಿ ಹೆಚ್ಚಿನದೆಂದು ನನ್ನ ಭಾವನೆ. ಏಕೆಂದರೆ ಕೆಲವು ತಿಂಗಳು ಕಳೆದ ಮೇಲೆ ಅದೇ ಸಂಸಾರವು ಅದೇ ಧಾನ್ಯವನ್ನು ಏರಿದ ಬೆಲೆಗೆ ಸಂತೆಯಿಂದ ಕೊಂಡು ತರಬೇಕಾಗುತ್ತದೆ. ಮಾರದೆ ಇಟ್ಟುಕೊಂಡವರು ಹತ್ತಿಯ ಬೆಳೆಗೆಂದು ತಯಾರಾದ ವಿಷವನ್ನು ತಿನ್ನುವ ಕಾಳಿಗೆ ಬೆರೆಸುವುದೂ ಉಂಟು. ವಿಶ್ವಸಂಸ್ಥೆಯ ಮಹಾಸಭೆಯು 1975ರಲ್ಲಿ, ಸುಗ್ಗಿಯ ಅನಂತರದ ನಷ್ಟವನ್ನು 1985ರೊಳಗೆ ಅರ್ಧಕ್ಕಿಳಿಸಬೇಕೆಂದು ನಿರ್ಣಯಿಸಿತ್ತು. 2014ರಲ್ಲಿ ಮಲಾಬೊ ನಗರದಲ್ಲಿ ಸೇರಿದ ಆಫ್ರಿಕದ ರಾಷ್ಟ್ರನಾಯಕರು ಅದೇ ಸಂಕಲ್ಪವನ್ನು 2025ರ ಗಡುವಿನೊಡನೆ ಮತ್ತೊಮ್ಮೆ ಮಾಡಬೇಕಾಗಿ ಬಂದಿತು.

ನಿರ್ಣಯಗಳು ಸಾಧಿಸದುದನ್ನು ಅಲ್ಲಲ್ಲಿ ಒಂದು ಚೀಲ ಸಾಧಿಸಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಕೀಟವಿಜ್ಞಾನಿ ಲ್ಯಾರಿ ಮರ್ಡಾಕ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಕ್ಯಾಮರೂನ್ ದೇಶದಲ್ಲಿ ಆರಂಭಿಸಿದ ಸಂಶೋಧನೆಯ ಫಲವಾದ ಈ ಸಾಧನದಲ್ಲಿ, ದಪ್ಪನೆಯ ಪ್ಲಾಸ್ಟಿಕ್ಕಿನ ಎರಡು ಚೀಲಗಳು ಒಂದರೊಳಗೊಂದು ಸೇರಿ, ಅವೆರಡೂ ಸಾಧಾರಣ ನೆಯ್ಗೆಯ ಚೀಲವೊಂದರೊಳಗೆ ಕುಳಿತಿರುತ್ತವೆ. ಪ್ರತಿಯೊಂದರ ಬಾಯನ್ನೂ ಬೇರೆಬೇರೆಯಾಗಿ ಬಿಗಿದು ಕಟ್ಟಬೇಕು. ಒಳಗೆ ಸಿಕ್ಕಿದ ಹುಳುಗಳೇ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಒಣಕಾಳಿನಲ್ಲಿ ಬದುಕುವ ಈ ಜೀವಿಗೆ ಕುಡಿಯಲು ನೀರಿಲ್ಲವಾದುದರಿಂದ, ಆಹಾರವನ್ನು ಆಮ್ಲಜನಕದೊಡನೆ ದಹಿಸಿ ತನ್ನ ನೀರನ್ನು ತಾನೇ ಉತ್ಪಾದಿಸಿಕೊಳ್ಳುವುದು ಅದರ ಪ್ರಕೃತಿ. ಆಮ್ಲಜನಕ ತೀರಿತೆಂದರೆ ತಿನ್ನುವುದು ನಿಲ್ಲುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಕೊನೆಗೆ ನೀರಿಲ್ಲದೆ ಒಣಗಿ ಸಾಯುತ್ತದೆ. ವಿಷದ ಕಣವೊಂದನ್ನೂ ಬೇಡದ ಈ ಉಪಾಯದ ಸೌಂದರ್ಯವನ್ನು ಎಷ್ಟು ಹೊಗಳಿದರೂ ಕಡಮೆಯೇ. 2007ರಿಂದೀಚೆಗೆ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಇದು ಪಶ್ಚಿಮ ಆಫ್ರಿಕದ ಹಳ್ಳಿಗಳಿಗೆ ಹರಡಿತು. ಊರವರ ಸಮಕ್ಷಮದಲ್ಲಿ ತುಂಬಿ ಕಟ್ಟಿದ ಚೀಲವನ್ನು ತಿಂಗಳುಗಳ ತರುವಾಯ ಅವರ ಸಮಕ್ಷಮದಲ್ಲಿಯೇ ಬಿಚ್ಚಿ ತೋರಿಸಿದುದು, ಯಾವ ಉಪನ್ಯಾಸಕ್ಕಿಂತಲೂ ಹೆಚ್ಚಿನ ನಂಬಿಕೆಯನ್ನು ಹುಟ್ಟಿಸಿತು.

ತತ್ತ್ವವು ನಮಗೆ ಅಪರಿಚಿತವಾದುದಲ್ಲ. ನಮ್ಮ ಬಯಲುಸೀಮೆಯ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದುದೂ, ಹಗೇವನ್ನು ತೆರೆದೊಡನೆ ಒಳಗಿಳಿಯದೆ ಕೆಟ್ಟ ಗಾಳಿ ಹೋಗುವವರೆಗೂ ಕಾಯುತ್ತಿದ್ದುದೂ ಇದೇ ತತ್ತ್ವದಿಂದ.

ಆದರೆ ಹಸಿಕಾಳನ್ನು ಗಾಳಿಯಾಡದೆಡೆಯಲ್ಲಿ ಕಟ್ಟಿಟ್ಟರೆ ತೇವವೂ ಅದರೊಡನೆಯೇ ಉಳಿಯುತ್ತದೆ. ತೇವವಿದ್ದಲ್ಲಿ ಬೂಷ್ಟು, ಬೂಷ್ಟುಗಳ ಪೈಕಿ ಕೆಲವು ಅಫ್ಲಟಾಕ್ಸಿನ್ ಎಂಬ, ಬೇಯಿಸಿದರೂ ನಾಶವಾಗದ, ಯಕೃತ್ತನ್ನು ಕೆಡಿಸುವ ವಿಷವನ್ನು ಸ್ರವಿಸುತ್ತವೆ. 2004ರಲ್ಲಿ ಕೀನ್ಯದ ಪೂರ್ವಭಾಗದಲ್ಲಿ, ಸರಿಯಾಗಿ ಒಣಗದೆ ಮನೆಗಳಲ್ಲಿ ಶೇಖರವಾಗಿದ್ದ ಮುಸುಕಿನ ಜೋಳವನ್ನು ಉಂಡು 317 ಜನ ಕಾಯಿಲೆ ಬಿದ್ದರು, 125 ಜನ ಸತ್ತರು. ಆ ಸಾವುಗಳನ್ನು ನೆನೆದಾಗ, ಚೀಲಕ್ಕಿಂತಲೂ ಮೊದಲು ಕಾಳನ್ನು ಹರವಲು ಒಂದು ಟಾರ್ಪಾಲನ್ನು ಬಡವನ ಅಂಗಳಕ್ಕೆ ಒದಗಿಸುವುದೇ ಸರ್ಕಾರಗಳ ಪ್ರಥಮ ಕರ್ತವ್ಯವೆಂದು ತೋರುತ್ತದೆ. ತೇವವನ್ನು ಅಳೆಯುವ ಯಂತ್ರವಿಲ್ಲದ ಮನೆಯಲ್ಲಿಯೂ ಗಾಜಿನ ಶೀಸೆಯೊಂದು ಇದ್ದೀತು: ಒಣಗಿದ ಶೀಸೆಗೆ ಒಂದಿಷ್ಟು ಕಾಳನ್ನೂ ಒಣ ಉಪ್ಪನ್ನೂ ಹಾಕಿ, ಚೆನ್ನಾಗಿ ಕುಲುಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವವು ಶೇಕಡ 15ಕ್ಕಿಂತ ಹೆಚ್ಚಾಗಿದೆಯೆಂದು ತಿಳಿಯಬೇಕು, ಅಂಟದಿದ್ದರೂ ಮತ್ತೆರಡು ದಿನ ಬಿಸಿಲು ಕಾಣಿಸಿ ಆಮೇಲೆ ಚೀಲದ ಬಾಯಿ ಕಟ್ಟುವುದು ಕ್ಷೇಮ.